ಬೇಟೆಯ ಪದ್ಯ ಓದುವುದು ಹೇಗೆ? ಬಂಧ ಮತ್ತು ಭಾವದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನಲ್ಲಿ ಪದವಿ ವಿದ್ಯಾರ್ಥಿಗಳಿಗೆ ಕನ್ನಡ ಕಾವ್ಯ ಕಲಿಸುತ್ತೇನೆ. ಪಠ್ಯದಲ್ಲಿ ಬೇಟೆಯ ಭಾಗ ಬಂದ ವರ್ಷವೆಲ್ಲ ತರಗತಿಯ ಒಳಗೂ ಹೊರಗೂ ಇವೇ ಪ್ರಶ್ನೆಗಳು ಎದುರಾಗುತ್ತವೆ. ಶಿರಾ, ಮಧುಗಿರಿ, ಪಾವಗಡ, ಕುಣಿಗಲ್ ಕಡೆಯಿಂದ ಬೆಳಗಿನ ಬಸ್ಸಿಗೆ ಬರುವ ಮಕ್ಕಳು ಕೇಳಿದ್ದನ್ನು ಅವರ ಮಾತಿನ ಹತ್ತಿರವೇ ಇಟ್ಟು ಉತ್ತರ ಬರೆದಿದ್ದೇನೆ.

ಬೇಟೆಯ ಪದ್ಯವನ್ನು ಕೈಗೆತ್ತಿಕೊಂಡಾಗ ಮೊದಲು ಏನು ಮಾಡಬೇಕು?

ಗಟ್ಟಿಯಾಗಿ ಓದಬೇಕು. ಸಾರಾಂಶ ಬೇಡ, ರಸದ ಹೆಸರು ಬೇಡ, ಕವಿಯ ಕಾಲದೇಶ ಬೇಡ. ಮೂರು ಸಲ ಗಟ್ಟಿಯಾಗಿ ಓದಿ. ಬೇಟೆ ಉಸಿರಿನ ಕೆಲಸ. ಹೊಂಚು ಹಾಕುವಾಗ ಉಸಿರು ಬಿಗಿ ಹಿಡಿಯಬೇಕು, ಅಟ್ಟುವಾಗ ಏದುಸಿರು ಬರುತ್ತದೆ, ಎಲ್ಲ ಮುಗಿದ ಮೇಲೆ ನಿಟ್ಟುಸಿರು. ಕೈ ಪಳಗಿದ ಕವಿ ಈ ಮೂರನ್ನೂ ಛಂದಸ್ಸಿನೊಳಗೆ ಇಳಿಸಿರುತ್ತಾನೆ. ಓದುವಾಗ ನಿಮ್ಮ ಉಸಿರು ಯಾವ ಸಾಲಿನಲ್ಲಿ ಬದಲಾಯಿತೋ ಅಲ್ಲಿ ಪೆನ್ಸಿಲ್‌ನಿಂದ ಒಂದು ಗೆರೆ ಎಳೆಯಿರಿ. ಮುಂದಿನ ವಿಶ್ಲೇಷಣೆಯೆಲ್ಲ ಆ ಗೆರೆಯ ಅಕ್ಕಪಕ್ಕದಲ್ಲೇ ನಡೆಯುತ್ತದೆ.

ಪಾಠಕ್ಕಾಗಿ ನಾನೇ ಕಟ್ಟಿಕೊಂಡ ಒಂದು ಚಿಕ್ಕ ಪದ್ಯ ಇಲ್ಲಿದೆ. ಮುಂದಿನ ಉತ್ತರಗಳಲ್ಲಿ ಮತ್ತೆ ಮತ್ತೆ ಇದಕ್ಕೇ ಮರಳುತ್ತೇನೆ.

ಹೊಡೆಯೊ ತಮಟೆ, ಬಡಿಯೊ ತಗಡು,
ಗಿಡದ ನಡುವೆ ಸದ್ದು ಬಂತು.
ಅಡಗಿ ಕುಳಿತ ಮೊಲವು ಚಿಮ್ಮಿ,
ಬಿಡದೆ ನಾಯಿ ಹಿಂದೆ ಬಂತು.

ಆಮೇಲೆ ಯಾರೂ ಕೂಗಲಿಲ್ಲ.

ಕಂಬಳಿಯ ಮೇಲೆ ಮೊಲ. ಕಣ್ಣು ತೆರೆದೇ ಇತ್ತು;
ತುಂಬಿಕೊಂಡಿತ್ತದರೊಳಿಷ್ಟಗಲ ಬಾನು.
ನಂಬಿ ಬಂದವರಂತೆ ನನ್ನ ಬಳಿ ಮಲಗಿತ್ತು;
ಬಿಂಬದಲಿ ನಾನಿದ್ದೆ, ಕೈಯೊಳಗೆ ದೊಣ್ಣೆ.

ಇದರಲ್ಲಿ ಗಣ ಎಣಿಸುವುದು ಹೇಗೆ?

ಶಾಲೆಯಲ್ಲಿ ಕಲಿತದ್ದೇ. ಹ್ರಸ್ವಕ್ಕೆ ಒಂದು ಮಾತ್ರೆ. ದೀರ್ಘಕ್ಕೆ, ಅನುಸ್ವಾರ ಇರುವ ಅಕ್ಷರಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ ಎರಡು. ‘ಹೊಡೆಯೊ | ತಮಟೆ | ಬಡಿಯೊ | ತಗಡು’ ಎಂದು ಮೊದಲ ಸಾಲು ಮೂರು ಮಾತ್ರೆಯ ನಾಲ್ಕು ಗಣವಾಗಿ ಒಡೆಯುತ್ತದೆ. ಉತ್ಸಾಹ ರಗಳೆಯ ನಡಿಗೆ ಇದೇ. ಕೊನೆಯ ಪದ್ಯದಲ್ಲಿ ‘ಕಂಬಳಿಯ | ಮೇಲೆ ಮೊಲ | ಕಣ್ಣು ತೆರೆ | ದೇ ಇತ್ತು’ ಎಂದು ಐದು ಮಾತ್ರೆಯ ನಾಲ್ಕು ಗಣಗಳಿವೆ. ಇದು ಲಲಿತ ರಗಳೆಯ ನಡಿಗೆ. ಎರಡನೆಯ ಮತ್ತು ನಾಲ್ಕನೆಯ ಸಾಲುಗಳ ಕೊನೆಯ ಗಣದಲ್ಲಿ ಎರಡು ಮಾತ್ರೆ ಕಡಿಮೆ. ಅಲ್ಲಿ ದನಿ ನಿಲ್ಲುತ್ತದೆ.

ನಡುವಿನ ಒಂಟಿ ಸಾಲಿನಲ್ಲಿ ಅನೇಕರು ಎಡವುತ್ತಾರೆ. ‘ಆಮೇಲೆ ಯಾರೂ ಕೂಗಲಿಲ್ಲ’ ಎಂಬುದನ್ನು ಕೂಡಿಸಿದರೆ 15 ಮಾತ್ರೆ. ಹದಿನೈದು ಮೂರರಿಂದಲೂ ಭಾಗವಾಗುತ್ತದೆ, ಐದರಿಂದಲೂ ಭಾಗವಾಗುತ್ತದೆ. ಆದ್ದರಿಂದ ಗಣ ಹಾಕಿಬಿಡುತ್ತಾರೆ. ಮೊತ್ತವನ್ನು ನಂಬಬೇಡಿ. ಮೂರಕ್ಕೆ ಮುರಿಯಲು ಹೋದರೆ ‘ಮೇ’ ಎಂಬ ಗುರು, ಅಂದರೆ ಎರಡು ಮಾತ್ರೆಯ ಅಕ್ಷರ, ಅಡ್ಡ ಬರುತ್ತದೆ, ಐದಕ್ಕೆ ಮುರಿಯಲು ಹೋದರೆ ‘ಕೂ’ ಅಡ್ಡ ಬರುತ್ತದೆ. ಆ ಸಾಲು ಹಿಂದಿನ ನಡಿಗೆಗೂ ಸೇರುವುದಿಲ್ಲ, ಮುಂದಿನದಕ್ಕೂ ಸೇರುವುದಿಲ್ಲ. ಅದು ಬರಿಯ ಮಾತು.

ಎಣಿಸಿದ್ದಾಯಿತು. ಮೂರು, ಐದು ಎಂಬ ಲೆಕ್ಕದಿಂದ ಭಾವಕ್ಕೆ ದಾರಿ ಎಲ್ಲಿದೆ?

ಈ ಪ್ರಶ್ನೆ ಕೇಳಿದವರನ್ನು ಕಂಡರೆ ನನಗೆ ಬಹಳ ಸಂತೋಷ. ‘ಈ ಪದ್ಯ ಮೂರು ಮಾತ್ರೆಯ ಗಣಗಳಲ್ಲಿದೆ’ ಎಂದು ಬರೆದು ಪೂರ್ಣವಿರಾಮ ಹಾಕಿದರೆ ಅಂಗಡಿಯ ಲೆಕ್ಕದ ಪುಸ್ತಕ ಬರೆದಂತೆ.

ಮೂರು ಮಾತ್ರೆಯ ಗಣದಲ್ಲಿ ನಿಲ್ಲಲು ಜಾಗವೇ ಇಲ್ಲ. ಒಂದು ಗಣ ಮುಗಿಯುವುದರೊಳಗೆ ಇನ್ನೊಂದು ಬೆನ್ನು ಹತ್ತುತ್ತದೆ. ಓಟಕ್ಕೆ, ಗದ್ದಲಕ್ಕೆ, ಪೊದೆಯಿಂದ ಪ್ರಾಣಿಗಳನ್ನು ಎಬ್ಬಿಸಿ ಅಟ್ಟುವ ಸೋಹಿನವರ ಕೂಗಿಗೆ ಅದು ಒಗ್ಗುತ್ತದೆ. ಐದರ ಗಣದಲ್ಲಿ ಮೂರು ಮತ್ತು ಎರಡರ ಒಳತಿರುವು ಇದೆ. ‘ಮೇಲೆ – ಮೊಲ’, ‘ಕಣ್ಣು – ತೆರೆ’. ಒಂದು ಹೆಜ್ಜೆ ಇಟ್ಟು, ಸ್ವಲ್ಪ ತಡೆದು, ಮುಂದಕ್ಕೆ ಹೋಗುವ ನಡಿಗೆ. ಭಾರ ಹೊತ್ತವನು ಹೀಗೆ ನಡೆಯುತ್ತಾನೆ.

ಐದರ ಗಣವೆಂದರೆ ಯಾವಾಗಲೂ ದುಃಖ ಎಂದು ಇದನ್ನು ಸೂತ್ರ ಮಾಡಿಕೊಳ್ಳಬೇಡಿ. ಅದೇ ಐದರ ಗಣದಲ್ಲಿ ಅಬ್ಬರದ ಬೇಟೆಯನ್ನು ಹೇಳಿದವರೂ ಇದ್ದಾರೆ. ಅವರ ವಿಚಾರ ಮುಂದೆ ಬರುತ್ತದೆ. ಗಣಕ್ಕೆ ತನ್ನದೇ ಆದ ಒಂದು ಅರ್ಥ ಇರುವುದಿಲ್ಲ. ಒಂದು ನಡಿಗೆಯಿಂದ ಇನ್ನೊಂದಕ್ಕೆ ಪದ್ಯ ಹೊರಳಿದಾಗ, ಆ ಹೊರಳುವಿಕೆಗೆ ಅರ್ಥ ಬರುತ್ತದೆ. ಈ ಪದ್ಯ ಮೊದಲಿನಿಂದ ಕೊನೆಯವರೆಗೂ ಐದರಲ್ಲೇ ಇದ್ದಿದ್ದರೆ ಕಂಬಳಿಯ ಮೇಲಿನ ಮೊಲ ನಮ್ಮನ್ನು ಇಷ್ಟು ಕಾಡುತ್ತಿರಲಿಲ್ಲ.

ಇನ್ನು ಪ್ರಾಸ. ಮೊದಲ ಪದ್ಯದ ನಾಲ್ಕೂ ಸಾಲುಗಳಲ್ಲಿ ಎರಡನೆಯ ಅಕ್ಷರ ಡಕಾರ: ಹೊಡೆ, ಗಿಡ, ಅಡ, ಬಿಡ. ಹಿಂದೆ ಹ್ರಸ್ವ ಇರುವುದರಿಂದ ಇದು ಸಿಂಹಪ್ರಾಸ. ಕೋಲಿನಿಂದ ತಗಡು ಬಡಿದಂತೆ ಕೇಳುತ್ತದೆ. ಎರಡನೆಯದರಲ್ಲಿ ಕಂಬ, ತುಂಬಿ, ನಂಬಿ, ಬಿಂಬ. ಅನುಸ್ವಾರದ ಈ ಪ್ರಾಸ ವೃಷಭಪ್ರಾಸ. ‘ಂಬ’ ಎನ್ನುವಾಗ ತುಟಿ ಮುಚ್ಚಿಕೊಳ್ಳುತ್ತದೆ, ದನಿ ಮೂಗಿನಲ್ಲಿ ಉಳಿಯುತ್ತದೆ. ಕೂಗಿದ ಬಾಯಿ ಮುಚ್ಚಿತು ಎಂಬುದನ್ನು ಪ್ರಾಸವೇ ನಟಿಸಿ ತೋರಿಸುತ್ತಿದೆ. ನಮ್ಮ ಲಾಕ್ಷಣಿಕರು ಆರು ಪ್ರಾಸಗಳಿಗೂ ಸಿಂಹ, ಗಜ, ವೃಷಭ, ಶರಭ, ಅಜ, ಹಯ ಎಂದು ಪ್ರಾಣಿಗಳ ಹೆಸರನ್ನೇ ಕೊಟ್ಟಿದ್ದಾರೆ. ಬೇಟೆಯ ಪದ್ಯ ಪಾಠ ಮಾಡುವ ದಿನ ಈ ಪಟ್ಟಿಯನ್ನು ಕರಿಹಲಗೆಯ ಮೇಲೆ ಬರೆಯುವುದೆಂದರೆ ನನಗೆ ಒಂದು ಪ್ರೀತಿ.

ಬೇಟೆ ಎಂದರೆ ವೀರರಸ ತಾನೇ?

ಅಲ್ಲ. ಅಥವಾ, ಕೆಲವೊಮ್ಮೆ ಮಾತ್ರ. ಮೊದಲ ಕೆಲವು ವರ್ಷ ನಾನೂ ಕಣ್ಣು ಮುಚ್ಚಿ ‘ವೀರ’ ಎಂದೇ ಬರೆಸಿದೆ. ಹಾಗೆ ಬರೆದುಕೊಂಡು ಹೋದ ಮಕ್ಕಳಿಗೆ ಈ ಉತ್ತರ ಸಲ್ಲಬೇಕು.

ಸಂಸ್ಕೃತದ ಎರಡು ಪ್ರಸಿದ್ಧ ಪ್ರಸಂಗಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಕಾಳಿದಾಸನ ಶಾಕುಂತಲದ ಆರಂಭದಲ್ಲಿ ದುಷ್ಯಂತನ ರಥ ಜಿಂಕೆಯೊಂದನ್ನು ಅಟ್ಟಿಕೊಂಡು ಹೋಗುತ್ತದೆ. ಜಿಂಕೆ ಕತ್ತು ಕೊಂಕಿಸಿ ಮತ್ತೆ ಮತ್ತೆ ಹಿಂದಕ್ಕೆ ನೋಡುತ್ತದೆ. ದಣಿದು ತೆರೆದ ಬಾಯಿಂದ ಅರ್ಧ ಅಗಿದ ದರ್ಭೆ ದಾರಿಯುದ್ದಕ್ಕೂ ಉದುರುತ್ತದೆ. ಬಿಲ್ಲು ಹಿಡಿದವನು ರಾಜ, ಮಾತು ಅವನದೇ, ಕಣ್ಣೂ ಅವನದೇ. ಆದರೂ ಕಾವ್ಯಮೀಮಾಂಸಕ ಅಭಿನವಗುಪ್ತ ಇದನ್ನು ಉದಾಹರಿಸಿದ್ದು ಭಯಾನಕ ರಸಕ್ಕೆ. ಹೆದರಿದ್ದು ಜಿಂಕೆ, ಆ ಹೆದರಿಕೆ ಓದುಗನ ಅನುಭವವಾಗುತ್ತದೆ. ಬಿಲ್ಲು ಯಾರ ಕೈಯಲ್ಲಿದೆ ಎಂಬುದರಿಂದ ರಸ ತೀರ್ಮಾನವಾಗುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಅದು ಸ್ರಗ್ಧರೆ ವೃತ್ತದಲ್ಲಿದೆ, ಪಾದಕ್ಕೆ 21 ಅಕ್ಷರ. ಓಡಿ ಓಡಿ ಇನ್ನೂ ಮುಗಿಯದ ದಾರಿಯಂತೆ ಉದ್ದವಾದ ಸಾಲು.

ಇನ್ನೊಂದು ತಮಸಾ ನದಿಯ ದಡದ್ದು. ಬೇಡನೊಬ್ಬ ಕ್ರೌಂಚಮಿಥುನದಲ್ಲಿ ಗಂಡುಹಕ್ಕಿಯನ್ನು ಹೊಡೆದಾಗ ವಾಲ್ಮೀಕಿಯ ಬಾಯಿಂದ ಹೊರಟದ್ದು 32 ಅಕ್ಷರಗಳ ಅನುಷ್ಟುಪ್ ಶ್ಲೋಕ. ಶೋಕವೇ ಶ್ಲೋಕವಾಯಿತು ಎಂದು ಪರಂಪರೆ ನೆನೆಯುತ್ತದೆ. ಅಲ್ಲಿಯೂ ಬೇಟೆಯೇ ವಸ್ತು. ರಸ ಮಾತ್ರ ಕರುಣ.

ಹಾಗಾದರೆ ವೀರ ಯಾವಾಗ? ವೀರಕ್ಕೆ ಮೂಲವಾದ ಉತ್ಸಾಹ ಎಂಬ ಸ್ಥಾಯಿಭಾವ ಕೊನೆಯವರೆಗೂ ಮುರಿಯದೆ ನಿಂತಾಗ. ಎದುರಿಗಿರುವ ಪ್ರಾಣಿ ಹುಲಿಯೋ ಕಾಡುಹಂದಿಯೋ ಆಗಿ, ಬೇಟೆಗಾರನ ಜೀವಕ್ಕೂ ಅಪಾಯ ಇದ್ದರೆ ಅದು ಇನ್ನೂ ಗಟ್ಟಿಯಾಗುತ್ತದೆ. ನಮ್ಮ ಮೊಲದ ಪದ್ಯದಲ್ಲಿ ಉತ್ಸಾಹ ನಾಲ್ಕು ಸಾಲು ಬದುಕಿ ಒಂಟಿ ಸಾಲಿನಲ್ಲಿ ಸತ್ತುಹೋಗುತ್ತದೆ.

ಈ ವಿಚಾರದಲ್ಲಿ ಯಾವ ಪುಸ್ತಕ ಓದಬೇಕು ಎಂದು ಕೇಳುವವರಿಗೆ ನಾನು ಮೊದಲು ಕೈಗಿಡುವುದು ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’. ಅವರು ನಮ್ಮ ಜಿಲ್ಲೆಯವರೇ, ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. ರಸದ ಅಧ್ಯಾಯಗಳನ್ನು ನಿಧಾನವಾಗಿ ಓದಿದವರಿಗೆ ಗೈಡುಗಳ ಅಗತ್ಯ ಬೀಳುವುದಿಲ್ಲ.

ಹಳಗನ್ನಡದಲ್ಲಿ ‘ಬೇಟ’ ಎಂದು ಬಂದರೆ ಅದೂ ಬೇಟೆಯೇ?

ಅಲ್ಲ, ಎಚ್ಚರ. ಹಳಗನ್ನಡದಲ್ಲಿ ‘ಬೇಟ’ ಎಂದರೆ ಪ್ರೇಮ, ಅನುರಾಗ. ನಾವು ಬೇಟೆ ಎನ್ನುವುದು ಅಲ್ಲಿ ‘ಬೇಂಟೆ’. ನಡುವಿನ ಸೊನ್ನೆ ಬಿಟ್ಟು ಓದಿದರೆ ಪ್ರಣಯದ ಪದ್ಯಕ್ಕೆ ರಕ್ತ ಹತ್ತುತ್ತದೆ. ಹಾಗೆಯೇ ‘ಮೃಗ’ದ ತದ್ಭವ ‘ಮಿಗ’. ಹಳ್ಳಿಯ ಬೇಟೆಗಾರರ ‘ಮಿಕ’ ಅದರ ತಮ್ಮ.

ಷಟ್ಪದಿಯ ಬೇಟೆಯನ್ನು ಹೇಗೆ ನೋಡಬೇಕು?

ಮೂರನೆಯ ಮತ್ತು ಆರನೆಯ ಸಾಲಿನ ಮೇಲೆ ಕಣ್ಣಿಡಿ. ಕುಮಾರವ್ಯಾಸನ ಭಾಮಿನಿಯಲ್ಲಿ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳು ಮೂರು–ನಾಲ್ಕರ ಗಣಗಳಲ್ಲಿ 14 ಮಾತ್ರೆ. ಮೂರು ಮತ್ತು ಆರನೆಯ ಸಾಲುಗಳು ಕೊನೆಯ ಗುರುವೂ ಸೇರಿ 23. ರಾಘವಾಂಕನ ಹರಿಶ್ಚಂದ್ರ ಕಾವ್ಯದ ವಾರ್ಧಕದಲ್ಲಿ ಐದರ ಗಣಗಳು: ಚಿಕ್ಕ ಸಾಲು 20, ದೊಡ್ಡ ಸಾಲು 32. ಎರಡು ಚಿಕ್ಕ ಸಾಲು ಓಡಿ ಮೂರನೆಯದರಲ್ಲಿ ಹಾರುವುದು ಷಟ್ಪದಿಯ ಸ್ವಭಾವ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳು ಓಡುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಎರಡು ಚಿಕ್ಕ ಹೆಜ್ಜೆ, ಒಂದು ನೆಗೆತ. ತರಗತಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಿ ದೂರದಲ್ಲಿ ಸದ್ದಿಲ್ಲದೆ ನಿಲ್ಲಿಸಿದರೆ ಷಟ್ಪದಿಯ ಪಾಠ ಅರ್ಧ ಮುಗಿದಂತೆ.

ಹರಿಶ್ಚಂದ್ರ ಕಾವ್ಯದ ಬೇಟೆಯಲ್ಲಿ ಇನ್ನೂ ಒಂದು ಸಂಗತಿ ಇದೆ. ಬೇಟೆಗೆ ಹೊರಟ ರಾಜ ಕೊನೆಗೆ ವಿಶ್ವಾಮಿತ್ರನ ಆಶ್ರಮಕ್ಕೆ ಬಂದು ಸೇರುತ್ತಾನೆ, ಅವನ ಕಷ್ಟಗಳೆಲ್ಲ ಅಲ್ಲಿಂದಲೇ ಆರಂಭ. ಅಟ್ಟಿದವನೇ ಬಲೆಗೆ ಬಿದ್ದ ಕಥೆ ಅದು. ಮೇಲ್ನೋಟಕ್ಕೆ ಅಬ್ಬರ, ತಳದಲ್ಲಿ ಆತಂಕ. ವಾರ್ಧಕದ ಉದ್ದ ಸಾಲುಗಳನ್ನು ಓದುವಾಗ ಈ ಎರಡನ್ನೂ ಒಟ್ಟಿಗೆ ಕೇಳಿಸಿಕೊಳ್ಳಿ. ಐದರ ಗಣಕ್ಕೆ ಒಂದೇ ಭಾವ ಅಂಟಿಕೊಂಡಿಲ್ಲ ಎಂದು ಹಿಂದೆ ಹೇಳಿದ್ದು ಇದಕ್ಕೇ.

ಶಾರ್ದೂಲವಿಕ್ರೀಡಿತ ಎಂದರೆ ಹುಲಿಯ ಆಟ. ಹುಲಿಬೇಟೆಗೆ ಆ ವೃತ್ತವೇ ಇರಬೇಕೇ?

ಬೇಕಿಲ್ಲ. ವೃತ್ತದ ಹೆಸರಿಗೂ ವಸ್ತುವಿಗೂ ಗಂಟು ಹಾಕಬೇಡಿ.

ರಗಳೆಯಲ್ಲಿ ಪದ್ಯಗಳ ವಿಭಾಗವೇ ಇರುವುದಿಲ್ಲ. ಭಾವ ತಿರುಗುವ ಜಾಗ ಗೊತ್ತಾಗುವುದು ಹೇಗೆ?

ಹರಿಹರನ ಕಣ್ಣಪ್ಪನ ರಗಳೆ ಓದುವವರೆಲ್ಲ ಕೇಳುವ ಪ್ರಶ್ನೆ. ಅಲ್ಲಿ ಕ್ರಿಯಾಪದಗಳನ್ನು ಹಿಂಬಾಲಿಸಿ. ಕಣ್ಣಪ್ಪ ಬೇಟೆಗಾರ, ಹುಡುಕುವುದು, ಅಟ್ಟುವುದು, ಕೊಲ್ಲುವುದು ಅವನ ಕೆಲಸ. ಅದೇ ಕೈಗಳು ಶಿವನಿಗೆ ಮಾಂಸ ಅರ್ಪಿಸುತ್ತವೆ, ಕೊನೆಗೆ ತನ್ನ ಕಣ್ಣನ್ನೇ ಕಿತ್ತು ಕೊಡುತ್ತವೆ. ಹೊರಗಿನ ಪ್ರಾಣಿಯ ಕಡೆಗಿದ್ದ ಅಂಬು ಅವನ ಕಡೆಗೇ ತಿರುಗುವ ಹೊತ್ತಿಗೆ ಬೇಟೆ ಭಕ್ತಿಯಾಗಿರುತ್ತದೆ. ಕ್ರಿಯಾಪದದ ಕರ್ತೃ ಒಬ್ಬನೇ ಇದ್ದು ಕರ್ಮ ಬದಲಾದ ಸಾಲನ್ನು ಹುಡುಕಿ.

ಛಂದಸ್ಸೇ ಇಲ್ಲದ ಹೊಸ ಕವಿತೆಯಲ್ಲಿ ಬಂಧದ ಬಗ್ಗೆ ಏನು ಬರೆಯುವುದು?

ಬೇಕಾದಷ್ಟಿದೆ. ಸಾಲು ಎಲ್ಲಿ ಮುರಿದಿದೆ? ಪ್ರಾಣಿಯ ಹೆಸರು ಮೊದಲೇ ಬಂತೋ, ಸತ್ತ ಮೇಲೆ ಬಂತೋ? ‘ನಾನು’, ‘ನಾವು’, ‘ಅವನು’ ಇವುಗಳಲ್ಲಿ ಯಾರು ಮಾತನಾಡುತ್ತಿದ್ದಾರೆ? ಕಾಲ ಯಾವುದು? ಎಲ್ಲಕ್ಕಿಂತ ಮುಖ್ಯವಾಗಿ, ಕೊಂದ ಕ್ಷಣವನ್ನು ಕವಿ ತೋರಿಸಿದ್ದಾನೋ, ದಾಟಿಹೋಗಿದ್ದಾನೋ? ನಮ್ಮ ಮೊಲದ ಪದ್ಯವನ್ನೇ ಮತ್ತೊಮ್ಮೆ ನೋಡಿ. ದೊಣ್ಣೆ ಬಿದ್ದ ಕ್ಷಣ ಅದರಲ್ಲಿ ಇಲ್ಲ. ನಾಯಿ ಹಿಂದೆ ಬಂತು. ಆಮೇಲೆ ಯಾರೂ ಕೂಗಲಿಲ್ಲ. ಮೊದಲ ಪದ್ಯದಲ್ಲಿ ‘ಹೊಡೆಯೊ, ಬಡಿಯೊ’ ಎಂದು ಗುಂಪಿನ ದನಿ ಇತ್ತು, ‘ನಾನು’ ಎಂಬುದೇ ಇರಲಿಲ್ಲ. ‘ನನ್ನ ಬಳಿ’ ಎಂದು ಅದು ಮೆಲ್ಲನೆ ಕಾಣಿಸಿಕೊಂಡು, ಕೊನೆಯ ಸಾಲಿನಲ್ಲಿ ‘ನಾನಿದ್ದೆ’ ಎಂದು ಪೂರ್ತಿ ಎದುರು ನಿಲ್ಲುತ್ತದೆ, ಅದೂ ಸತ್ತ ಪ್ರಾಣಿಯ ಕಣ್ಣಿನೊಳಗೆ. ಗುಂಪಿನಲ್ಲಿ ಕರಗಿದ್ದವನು ಒಂಟಿಯಾದ. ಇದನ್ನು ಕಾಣಲು ಛಂದಸ್ಸಿನ ಲೆಕ್ಕ ಬೇಕಿಲ್ಲ.

ನನಗೆ ಬೇಟೆಯ ಬಗ್ಗೆ ಏನೂ ಗೊತ್ತಿಲ್ಲ. ಪದ್ಯ ಅರ್ಥವಾಗುತ್ತದೆಯೇ?

ಕೆಲವು ಮಾತುಗಳನ್ನು ತಿಳಿದುಕೊಂಡರೆ ಆಗುತ್ತದೆ. ಸದ್ದು ಮಾಡುತ್ತ ಪೊದೆಗಳಿಂದ ಪ್ರಾಣಿಗಳನ್ನು ಎಬ್ಬಿಸಿ ಒಂದು ಕಡೆಗೆ ಅಟ್ಟುವುದು ಸೋಹು. ದಾರಿ ಕಾದು ಅಡಗಿ ಕೂರುವುದು ಹೊಂಚು. ಕುತ್ತಿಗೆಗೋ ಕಾಲಿಗೋ ಬಿಗಿಯುವ ಕುಣಿಕೆ ಉರುಳು. ಇದರಲ್ಲಿ ಪ್ರತಿಯೊಂದಕ್ಕೂ ಬೇರೆ ಭಾವ ಇದೆ: ಸೋಹು ಎಂದರೆ ಗದ್ದಲ, ಹೊಂಚು ಎಂದರೆ ಮೌನ, ಉರುಳು ಎಂದರೆ ಮನುಷ್ಯನೇ ಇಲ್ಲದ ಜಾಗದಲ್ಲಿ ನಡೆಯುವ ಸಾವು. ಯಾವ ಬಗೆಯ ಬೇಟೆ ಎಂದು ಗುರುತಿಸಿದರೆ ಪದ್ಯದ ಧಾಟಿ ಅರ್ಧ ಸಿಕ್ಕಂತೆ.

ಮನೆಯ ಹಿರಿಯರನ್ನು ಕೇಳಿ. ಯುಗಾದಿಯ ಮರುದಿನ, ಹೊಸತೊಡಕಿಗೆ, ಊರಿನ ಗಂಡಸರು ಗುಂಪಾಗಿ ಬೇಟೆಗೆ ಹೊರಡುತ್ತಿದ್ದ ರೂಢಿ ನಮ್ಮ ಕಡೆ ಇತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದು ಅಪರಾಧ, ಹಾಗಾಗಿದ್ದು ಸರಿಯೇ. ಆದರೆ ಅಜ್ಜಂದಿರ ನೆನಪಿನಲ್ಲಿ ತಮಟೆಯ ಸದ್ದು ಇನ್ನೂ ಇದೆ. ಅವರು ಹೇಳುವಾಗ ಯಾವ ಜಾಗದಲ್ಲಿ ದನಿ ತಗ್ಗಿಸುತ್ತಾರೆ ಎಂದು ಗಮನಿಸಿ. ಕವಿಗಳೂ ಹೆಚ್ಚುಕಡಿಮೆ ಅಲ್ಲೇ ತಗ್ಗಿಸುತ್ತಾರೆ.

ಮನೆಯಲ್ಲಿ ತೆಲುಗು ಮಾತನಾಡುತ್ತೇವೆ. ಕನ್ನಡದ ಮಾತ್ರೆಗಳು ಕಿವಿಗೆ ಸಿಗುವುದಿಲ್ಲ.

ಪಾವಗಡದ ಮಕ್ಕಳೂ ಕೇಳುತ್ತಾರೆ, ಬಾಗೇಪಲ್ಲಿ, ಮುಳಬಾಗಿಲು ಕಡೆಯವರೂ ಕೇಳುತ್ತಾರೆ. ನಿಮ್ಮ ಕಿವಿ ಆಗಲೇ ಸಿದ್ಧವಾಗಿದೆ. ನಮ್ಮ ರಗಳೆಗೆ ತೆಲುಗಿನಲ್ಲಿ ರಗಡ ಎಂಬ ಒಡಹುಟ್ಟು ಇದೆ, ಎರಡನೆಯ ಅಕ್ಷರದ ಪ್ರಾಸವೂ ಎರಡು ಭಾಷೆಗಳಿಗೆ ಸಮಾನ. ಅಜ್ಜಿ ಹಾಡುವ ತೆಲುಗು ಪದಕ್ಕೆ ಕೈತಾಳ ಹಾಕಿ, ಅದೇ ತಾಳಕ್ಕೆ ಕನ್ನಡದ ಸಾಲು ಹೇಳಿ ನೋಡಿ.

ಬೇಟೆಯ ಶಾಸನಗಳನ್ನು ಉತ್ತರದಲ್ಲಿ ಬಳಸಬಹುದೇ? ಅವು ಕಾವ್ಯವಲ್ಲವಲ್ಲ.

ಭಾವವನ್ನು ಹೋಲಿಸಲು ಖಂಡಿತ ಬಳಸಿ. ನನಗೆ ತುಂಬಾ ಪ್ರಿಯವಾದದ್ದು ಆತಕೂರಿನ ಕಲ್ಲು. ಅದು ನಮ್ಮ ಜಿಲ್ಲೆಯದಲ್ಲ, ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನದು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಕ್ರಿ.ಶ. 949–50. ತಕ್ಕೋಲದ ಯುದ್ಧದಲ್ಲಿ ಮೆಚ್ಚುಗೆ ಪಡೆದ ಮಣಲೇರನಿಗೆ ಗಂಗರ ಬೂತುಗ ‘ಬೇಕಾದುದನ್ನು ಕೇಳು’ ಎಂದಾಗ ಆತ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ಎರಡೂ ಹೋರಾಡಿ ಒಟ್ಟಿಗೆ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿ ಬಿಟ್ಟರು. ಕಲ್ಲಿನ ಮೇಲೆ ನಾಯಿ ಮತ್ತು ಹಂದಿ ಇಂದಿಗೂ ಕಾದಾಡುತ್ತಿವೆ.

ಇಲ್ಲಿ ರಸ ಯಾವುದು ಎಂದು ತರಗತಿಯಲ್ಲಿ ಕೇಳಿದರೆ ವೀರ ಎನ್ನುವವರೂ ಇರುತ್ತಾರೆ, ಕರುಣ ಎನ್ನುವವರೂ ಇರುತ್ತಾರೆ. ಶಾಸನದ ಭಾಷೆ ಮಾತ್ರ ಎಲ್ಲಿಯೂ ಗೋಳಾಡುವುದಿಲ್ಲ. ಯಾರು, ಯಾರಿಗೆ, ಏನನ್ನು ಕೊಟ್ಟರು, ಏನಾಯಿತು, ಇಷ್ಟೇ. ದುಃಖ ಇರುವುದು ಕಲ್ಲನ್ನು ನಿಲ್ಲಿಸಿದ ಕೆಲಸದಲ್ಲಿ. ಭಾವದ ಹೆಸರು ಹೇಳದೆ ಭಾವವನ್ನು ಉಳಿಸುವ ಈ ಸಂಯಮವನ್ನು ಗುರುತಿಸಲು ಕಲಿತವರು ಆಧುನಿಕ ಕವಿತೆಯನ್ನೂ ಚೆನ್ನಾಗಿ ಓದುತ್ತಾರೆ.

ಪ್ರಾಣಿಯನ್ನು ಕೊಲ್ಲುವ ಪದ್ಯ ನನಗೆ ಹಿಡಿಸಲಿಲ್ಲ. ಹಾಗೆಂದು ಬರೆಯಬಹುದೇ?

ಬರೆಯಿರಿ, ಆದರೆ ಯಾವ ಸಾಲಿನಲ್ಲಿ ಮುಖ ತಿರುಗಿಸಿದಿರಿ ಎಂಬುದನ್ನೂ ಬರೆಯಿರಿ. ಒಮ್ಮೆ ವಿದ್ಯಾರ್ಥಿನಿಯೊಬ್ಬಳು ‘ನಾಯಿ ಹಿಂದೆ ಬಂತು ಎನ್ನುವಲ್ಲಿ ನನಗೂ ಖುಷಿಯಾಯಿತು, ಅದಕ್ಕೇ ಆಮೇಲೆ ಬೇಸರವಾಯಿತು’ ಎಂದು ಬರೆದಿದ್ದಳು. ಎರಡು ಮೂರು ನಡಿಗೆ ಬದಲಿಸುವ ಪದ್ಯ ಓದುಗನಿಗೆ ಮಾಡುವುದನ್ನು ಅಷ್ಟು ನೇರವಾಗಿ ನಾನು ಹೇಳಲಾರೆ. ಮೊದಲು ನಮ್ಮನ್ನೂ ಗುಂಪಿಗೆ ಸೇರಿಸಿಕೊಂಡು ಓಡಿಸದಿದ್ದರೆ ಕೊನೆಯ ಸಾಲು ನಮ್ಮನ್ನು ತಟ್ಟುವುದೇ ಇಲ್ಲ.

ಪದ್ಯದ ಬೇಟೆಗಾರನಿಗೆ ಪಶ್ಚಾತ್ತಾಪವಾಯಿತು ಎಂದು ಉತ್ತರ ಮುಗಿಸಬಹುದೇ?

ಹತ್ತರಲ್ಲಿ ಎಂಟು ಉತ್ತರಪತ್ರಿಕೆಗಳು ಹೀಗೇ ಮುಗಿಯುತ್ತವೆ. ಪದ್ಯದಲ್ಲಿ ಆ ಮಾತು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿ ಎನ್ನುತ್ತೇನೆ. ಕಣ್ಣೀರು ಇಲ್ಲ, ‘ಅಯ್ಯೋ’ ಇಲ್ಲ, ಇನ್ನು ಮುಂದೆ ಬೇಟೆಯಾಡುವುದಿಲ್ಲ ಎಂಬ ಆಣೆಯೂ ಇಲ್ಲ. ಇರುವುದು ತೆರೆದ ಕಣ್ಣು, ಅದರಲ್ಲಿ ಬಾನು, ಬಾನಿನ ಕೆಳಗೆ ಒಬ್ಬ ಮನುಷ್ಯ. ಅವನು ತನ್ನನ್ನು ತಾನು ನೋಡಿಕೊಂಡ ಎನ್ನುವವರೆಗೆ ಬರೆಯಬಹುದು. ಅದರಾಚೆ ಅವನ ಪರವಾಗಿ ನಾವು ಕ್ಷಮೆ ಕೇಳಬಾರದು. ಕೊನೆಯ ಗಣವನ್ನು ಇನ್ನೊಮ್ಮೆ ಎಣಿಸಿ: ‘ದೊಣ್ಣೆ’, ಮೂರೇ ಮಾತ್ರೆ. ಐದು ತುಂಬಲು ಇನ್ನೂ ಎರಡು ಬೇಕು. ಆ ಎರಡು ಮಾತ್ರೆಗಳ ಹೊತ್ತು ಪದ್ಯ ಸುಮ್ಮನಿದೆ, ದೊಣ್ಣೆ ಅವನ ಕೈಯಲ್ಲೇ ಇದೆ.